ಆ ಜೆಲ್ ನುಂಗುವುದಿಲ್ಲ, ಉಬ್ಬುತ್ತದೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ‘ಇಂಗಾಲ ನುಂಗುವ ಜೆಲ್’ ಬಗ್ಗೆ ಲೇಖನ ಬಂದಿತ್ತು. ಬೆಳಿಗ್ಗೆ ಓದಿ ಮಡಿಚಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ತಮ್ಮನ ಮಗಳು ಅದರದ್ದೇ ಫೋಟೊ ಕಳಿಸಿದಳು. ‘ಅತ್ತೆ, ನೀವು ಲ್ಯಾಬಲ್ಲಿ ಮಾಡ್ತಿದ್ದದ್ದು ಇದೇ ಅಲ್ವಾ? ಭೂಮಿ ಉಳಿಸೋ ಕೆಲಸ ಮಾಡಿ ಒಂದು ಮಾತೂ ಹೇಳಿಲ್ವಲ್ಲ!’ ಅಂತ ಕೇಳಿದ್ದಳು. ಅವಳಿಗೆ ಉತ್ತರ ಬರೆಯುತ್ತಾ ಕೂತೆ, ಅದು ಬೆಳೆಯುತ್ತಲೇ ಹೋಯಿತು. ಅದನ್ನೇ ನಿಮಗೂ ಕಳಿಸೋಣ ಅನ್ನಿಸಿತು. ಕತ್ತರಿ ಹಾಕುವುದಾದರೆ ಎಲ್ಲಿ ಬೇಕಾದರೂ ಹಾಕಿ, ಲೆಕ್ಕ ಇರುವ ಭಾಗ ಒಂದನ್ನು ಮಾತ್ರ ಬಿಡಬೇಡಿ.

ನಾನು ವಿಜ್ಞಾನಿ ಅಲ್ಲ. ಪಾಲಿಮರ್ (ಉದ್ದ ಎಳೆಯಂಥ ಅಣುಗಳ ವಸ್ತು) ಪ್ರಯೋಗಾಲಯದಲ್ಲಿ 28 ವರ್ಷ ಸಹಾಯಕಿಯಾಗಿದ್ದವಳು. ಕೊನೆಯ 9 ವರ್ಷ ಇಂಗಾಲದ ಡೈಆಕ್ಸೈಡ್ ತಾಗಿದರೆ ಉಬ್ಬುವ ಜೆಲ್‌ಗಳ ಜೊತೆಗೇ ಕಳೆಯಿತು. ಜೆಲ್ ಹೊಯ್ಯುವುದು, ತೊಳೆಯುವುದು, ತೂಗುವುದು, ಅಳೆಯುವುದು, ಸಿಲಿಂಡರ್ ಖಾಲಿಯಾದರೆ ಬೈಸಿಕೊಳ್ಳುವುದು ನನ್ನ ಕೆಲಸ. (ಈ ಅನಿಲದ ಸಿಲಿಂಡರ್ ಒಂದು ಮೋಸಗಾರ. ಒಳಗೆ ದ್ರವವಾಗಿ ಇರುವುದರಿಂದ ಕೊನೆಯ ಹನಿ ಆರುವ ತನಕ ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ. ತುಂಬಿದೆ ಅಂದುಕೊಂಡಿರುತ್ತೇವೆ, ಮಾರನೇ ದಿನ ಖಾಲಿ. ತೂಗಿ ನೋಡಿದರಷ್ಟೇ ಗೊತ್ತಾಗುವುದು.)

ಲೇಖನ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಒಳಗಿನ ವಿವರ ಬಹುಪಾಲು ಸರಿಯಾಗಿಯೇ ಇತ್ತು. ಎಡವಟ್ಟಾಗಿರುವುದು ತಲೆಬರಹದಲ್ಲಿ ಮತ್ತು ಕೊನೆಯ ಪ್ಯಾರಾದಲ್ಲಿ. ‘ಮುಂದೊಂದು ದಿನ ಗೋಡೆಗೆ ಈ ಜೆಲ್ ಬಳಿದರೆ ಸಾಕು, ಕೋಣೆಯ ಗಾಳಿ ಶುದ್ಧವಾಗುತ್ತದೆ’ ಎಂದು ಬರೆದುಬಿಟ್ಟಿದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು ಇದು. ಅನಿಲವನ್ನು ಗುರುತಿಸಿ ಮೈ ಬದಲಿಸಿಕೊಳ್ಳುವ ಜೆಲ್ ಒಂದು ಜಾತಿ. ಅನಿಲವನ್ನು ಹಿಡಿದು ತನ್ನಲ್ಲೇ ಇಟ್ಟುಕೊಳ್ಳುವುದು ಬೇರೆಯೇ ಜಾತಿ. ನಿಮ್ಮ ಲೇಖನ ಇವೆರಡನ್ನೂ ಒಂದೇ ಪಾತ್ರೆಗೆ ಸುರಿದಿತ್ತು.

ನಾನು ಕೈಯಾರೆ ಮಾಡಿದ ಒಂದು ಬಿಲ್ಲೆಯ ಕತೆ ಹೇಳುತ್ತೇನೆ.

ಅದರ ಕಚ್ಚಾ ದ್ರವದ ಹೆಸರು ಡೈಈಥೈಲ್‌ಅಮೈನೋಈಥೈಲ್ ಮೆಥಾಕ್ರಿಲೇಟ್. ಒಂದೇ ಉಸಿರಿಗೆ ಹೇಳಿ ಮುಗಿಸುವ ಹೆಸರಲ್ಲ, ನಾವು ಸುಮ್ನೆ ‘ಡೀಮಾ’ ಅನ್ನುತ್ತಿದ್ದೆವು. ಮುಚ್ಚಳ ತೆಗೆದರೆ ಹಳಸಿದ ಮೀನಿನಂಥ ನಾತ, ಕಣ್ಣಲ್ಲಿ ನೀರು. ಅಮೋನಿಯಾದ ನೆಂಟರಾದ ಅಮೈನ್‌ಗಳ ಮನೆತನದ ವಾಸನೆ ಅದು. ಅದಕ್ಕೆ ಎಳೆಗಳನ್ನು ಒಂದಕ್ಕೊಂದು ಕಟ್ಟುವ ರಾಸಾಯನಿಕ ಚೂರು ಸೇರಿಸಿ, ಆಮ್ಲಜನಕ ಹೊರಟುಹೋಗಲಿ ಅಂತ ಸಾರಜನಕದ ಗುಳ್ಳೆ ಬಿಟ್ಟು, ಎರಡು ಗಾಜಿನ ಹಲಗೆಗಳ ನಡುವೆ ಹೊಯ್ಯಬೇಕು. ನಡುವೆ 2 ಮಿಲಿಮೀಟರ್ ದಪ್ಪದ ರಬ್ಬರ್ ಪಟ್ಟಿ. ಆಮ್ಲಜನಕ ಉಳಿದರೆ ಗಟ್ಟಿಯಾಗುವುದೇ ಇಲ್ಲ, ಅಂಟಂಟು ಲೋಳೆ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಗಾಜು ಬಿಡಿಸಿದರೆ ಒಂದು ಹಾಳೆ ಏಳುತ್ತದೆ. ಬಿರಡೆಗೆ ತೂತು ಕೊರೆಯುವ ಕೊಳವೆಯಿಂದಲೇ ಅದರಲ್ಲಿ ದುಂಡನೆ ಬಿಲ್ಲೆಗಳನ್ನು ಕತ್ತರಿಸುತ್ತಿದ್ದೆವು. ಆಮೇಲೆ ತೊಳೆಯುವ ಕೆಲಸ. ಮೊದಲು ಆಲ್ಕೊಹಾಲ್, ಆಮೇಲೆ ನೀರು, ದಿನಕ್ಕೆರಡು ಸಲ ಬದಲಿಸುತ್ತಾ ನಾತ ಹೋಗುವ ತನಕ. ಬೇಸರದ ಕೆಲಸ. ಆದರೆ ಇಲ್ಲಿ ಅವಸರ ಮಾಡಿದ ಹುಡುಗರೆಲ್ಲ ಆಮೇಲೆ ಗ್ರಾಫ್ ನೋಡಿ ತಲೆ ಕೆರೆದುಕೊಂಡಿದ್ದಾರೆ.

ನೀರಲ್ಲಿ ಬಿದ್ದಿರುವಾಗ ಬಿಲ್ಲೆ ಹಾಲಿನ ಹಾಗೆ ಬಿಳಿ. 10 ಮಿಲಿಮೀಟರ್ ಅಗಲ. ಬೆರಳಲ್ಲಿ ಒತ್ತಿದರೆ ಅಳಿಸುವ ರಬ್ಬರಿನಷ್ಟು ಗಟ್ಟಿ. ಈಗ ನೀರಿಗೆ ಸಣ್ಣ ಕೊಳವೆಯಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಡಬೇಕು. ಮೊದಲು ಏನೂ ಆಗುವುದಿಲ್ಲ. ಹೊಸದಾಗಿ ಸೇರಿದವರು ‘ಆಗ್ತಾ ಇಲ್ಲ ಮೇಡಂ’ ಎಂದು ಕರೆಯುವುದು ಈ ಹೊತ್ತಿನಲ್ಲೇ. ನೋಡ್ತಾ ಇರಿ ಅನ್ನುತ್ತಿದ್ದೆ. ನಿಧಾನವಾಗಿ ಅಂಚಿನಲ್ಲಿ ಗಾಜಿನಂಥ ಒಂದು ಉಂಗುರ ಕಾಣಿಸುತ್ತದೆ. ಉಂಗುರ ಒಳಗೊಳಗೆ ಸರಿಯುತ್ತದೆ, ನಡುವಿನ ಬಿಳಿ ಕಿರಿದಾಗುತ್ತಾ ಹೋಗುತ್ತದೆ. ಇದೇ ವೇಳೆ ಮೇಲ್ಮೈಯಲ್ಲಿ ಸುಕ್ಕು ಏಳುತ್ತದೆ. ಥೇಟ್ ಮಿದುಳಿನ ಮಡಿಕೆ. ಹೊರಪದರ ಉಬ್ಬಲು ಹವಣಿಸುತ್ತದೆ, ಒಳಗಿನದು ಇನ್ನೂ ಒಣಹಠದಲ್ಲಿ ಕೂತಿರುತ್ತದೆ. ಉಬ್ಬಿದ ಚರ್ಮಕ್ಕೆ ಹೋಗಲು ಜಾಗ ಇಲ್ಲದೆ ಮಡಿಚಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಬಿಳಿ ಚುಕ್ಕೆ ಮಾಯ, ಸುಕ್ಕೂ ಮಾಯ. ಬೀಕರಿನ ತಳದಲ್ಲಿ ಬಿಲ್ಲೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಪಾರದರ್ಶಕ. ಅಗಲ 17 ಮಿಲಿಮೀಟರ್. ಮೂರೂ ದಿಕ್ಕಿಗೆ ಹಾಗೇ ಬೆಳೆದಿರುವುದರಿಂದ ಗಾತ್ರ ಸುಮಾರು ಐದು ಪಟ್ಟು. ಈಗ ಒತ್ತಿದರೆ ಮುರಿಯುತ್ತದೇನೋ ಅನ್ನುವಷ್ಟು ಮೆತ್ತಗೆ. ಚಿಮಟದಲ್ಲಿ ಹಿಡಿಯಲು ಹೋಗಿ ನಾನೇ ಎಷ್ಟು ಬಿಲ್ಲೆ ಸೀಳಿದ್ದೇನೋ. ಕೊನೆಗೆ ಪ್ಲಾಸ್ಟಿಕ್ ಚಮಚವೇ ಗತಿ.

ಆಮೇಲೆ ಇಂಗಾಲದ ಡೈಆಕ್ಸೈಡ್ ನಿಲ್ಲಿಸಿ, ಸಾರಜನಕವನ್ನೋ ಬರೀ ಗಾಳಿಯನ್ನೋ ಊದುತ್ತಾ ನೀರನ್ನು ಸ್ವಲ್ಪ ಬಿಸಿ ಮಾಡಿದರೆ ಬಿಲ್ಲೆ ಮತ್ತೆ ಬಿಳಿಚಿಕೊಂಡು ಮುದುಡುತ್ತದೆ. ಆದರೆ ಮುದುಡುವಾಗ ಅದು ಸೋಮಾರಿ. ಹೊರಚರ್ಮ ಮೊದಲು ಗಟ್ಟಿಯಾಗಿ ಬಾಗಿಲು ಹಾಕಿಕೊಂಡುಬಿಡುತ್ತದೆ, ಒಳಗಿನ ನೀರಿಗೆ ದಾರಿ ಸಿಗುವುದಿಲ್ಲ.

ಇಷ್ಟೆಲ್ಲ ಯಾಕಾಗುತ್ತದೆ? ಜೆಲ್ ಅಂದರೆ ನೀರಲ್ಲಿ ನೆನೆದ ಬಲೆ. ಬಲೆಯ ಎಳೆಯುದ್ದಕ್ಕೂ ಹೆಜ್ಜೆಹೆಜ್ಜೆಗೂ ಒಂದೊಂದು ಅಮೈನ್ ನೇತಾಡುತ್ತಿರುತ್ತದೆ ಅಂದುಕೊಳ್ಳಿ. ಸುಮ್ಮನಿದ್ದಾಗ ಅದಕ್ಕೆ ನೀರು ಅಂದರೆ ಅಷ್ಟಕ್ಕಷ್ಟೇ. ಎಣ್ಣೆಯ ಸ್ವಭಾವದ್ದು. ಅದಕ್ಕೇ ಬಲೆ ಮುದುಡಿ ಬಿಳಿಯಾಗಿರುತ್ತದೆ. ಇಂಗಾಲದ ಡೈಆಕ್ಸೈಡ್ ನೀರಲ್ಲಿ ಕರಗಿದಾಗ ಅದರ ಒಂದು ಚಿಕ್ಕ ಪಾಲು, ಸುಮಾರು 600ರಲ್ಲಿ ಒಂದು ಅಣು, ಕಾರ್ಬಾನಿಕ್ ಆಮ್ಲವಾಗುತ್ತದೆ. ಪಾಲು ಚಿಕ್ಕದಾದರೂ ನೀರನ್ನು ಹುಳಿ ಮಾಡಲು ಸಾಕು. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ. ಗಾಳಿಗೆ ತೆರೆದಿಟ್ಟ ಶುದ್ಧ ನೀರಿನ ಪಿಎಚ್ ಸುಮಾರು 5.6. ಬರೀ ಇಂಗಾಲದ ಡೈಆಕ್ಸೈಡನ್ನೇ ಬಿಟ್ಟು ತಣಿಸಿದ ನೀರಿನದು 3.9. ಅಮೈನ್ ಈ ಆಮ್ಲದಿಂದ ಒಂದು ಪ್ರೋಟಾನ್ ಕಿತ್ತುಕೊಂಡು ವಿದ್ಯುದಂಶ ತುಂಬಿಕೊಳ್ಳುತ್ತದೆ. ಪ್ರೋಟಾನ್ ಕಳೆದುಕೊಂಡ ಆಮ್ಲದ ಉಳಿಕೆ, ಬೈಕಾರ್ಬನೇಟ್, ಪಕ್ಕದಲ್ಲಿ ಜೊತೆಯಾಗುತ್ತದೆ. ಬಲೆಯ ತುಂಬ ಈಗ ವಿದ್ಯುದಂಶದ ಕಣಗಳು ಕಿಕ್ಕಿರಿದಿವೆ, ಹೊರಗೆ ಹೆಚ್ಚೂಕಡಿಮೆ ಶುದ್ಧ ನೀರಿದೆ. ನೀರು ಒಳಗೆ ನುಗ್ಗುತ್ತದೆ. ಬಲೆ ಹಿಗ್ಗುತ್ತದೆ. ಅನಿಲ ಹೊರಟುಹೋದರೆ ಆಮ್ಲ ಇಲ್ಲ, ಪ್ರೋಟಾನ್ ಇಲ್ಲ, ಅಮೈನ್ ಮತ್ತೆ ತನ್ನ ಎಣ್ಣೆಯ ಗುಣಕ್ಕೆ ಮರಳುತ್ತದೆ.

ಹಾಗಿದ್ದರೆ ವಿನೆಗರ್ ಥರದ ಯಾವುದೋ ಆಮ್ಲವನ್ನೇ ಹನಿಸಬಹುದಿತ್ತಲ್ಲ, ಈ ಅನಿಲವೇ ಯಾಕೆ ಅಂತ ಕೇಳಬಹುದು. ನಾನೂ ಮೊದಲ ವಾರವೇ ಕೇಳಿದ್ದೆ. ಹನಿಸಬಹುದು. ಉಬ್ಬುತ್ತದೆ ಕೂಡ. ಮುದುಡಿಸಲು ಕ್ಷಾರ ಹನಿಸಬೇಕು. ಆಮ್ಲಕ್ಕೆ ಕ್ಷಾರ ಸೇರಿದರೆ ಉಪ್ಪು. ಒಂದು ಸುತ್ತಿಗೆ ಒಂದಿಷ್ಟು ಉಪ್ಪು, ಹತ್ತು ಸುತ್ತಿಗೆ ಹತ್ತರಷ್ಟು. ಹೊರಗಿನ ನೀರೇ ಉಪ್ಪಾದ ಮೇಲೆ ಅದು ಬಲೆಯೊಳಗೆ ಯಾಕೆ ನುಗ್ಗಬೇಕು? ಸುತ್ತಿನಿಂದ ಸುತ್ತಿಗೆ ಉಬ್ಬುವುದು ಕಮ್ಮಿಯಾಗುತ್ತಾ ಬರುತ್ತದೆ. ಮಕ್ಕಳ ಡೈಪರ್‌ನ ಪುಡಿಯದ್ದೂ ಇದೇ ಪಾಡು. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುವ ಪುಡಿ ಉಪ್ಪು ನೀರಲ್ಲಿ ಹತ್ತಾರು ಪಟ್ಟಿಗೇ ಸುಸ್ತಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಬಂದು ಕೆಲಸ ಮಾಡಿ, ಬಂದ ದಾರಿಯಲ್ಲೇ ಹೋಗುತ್ತದೆ. ಪಾತ್ರೆಯಲ್ಲಿ ಏನೂ ಉಳಿಸುವುದಿಲ್ಲ. ಹೀಗೆ ಬಂದು ಹೋಗುವ ಗುಣವನ್ನು ಸ್ವಿಚ್ಚಿನ ಹಾಗೆ ಬಳಸಬಹುದು ಎಂಬುದನ್ನು ದ್ರವಗಳಲ್ಲಿ ತೋರಿಸಿದವರಲ್ಲಿ ಕೆನಡಾದ ಫಿಲಿಪ್ ಜೆಸಪ್ ಮುಖ್ಯರು. 2005ರಲ್ಲಿ ಅನಿಲ ಬಿಟ್ಟರೆ ಸ್ವಭಾವ ಬದಲಿಸುವ ದ್ರಾವಕ, 2006ರಲ್ಲಿ ಅದೇ ಥರ ಬದಲಾಗುವ ಸಾಬೂನಿನಂಥ ವಸ್ತು. ಆಮೇಲೆ ಪಾಲಿಮರ್‌ನವರೂ ಜೆಲ್‌ನವರೂ ಅದರ ಬೆನ್ನು ಹತ್ತಿದರು.

ಉಪ್ಪಿನ ಪಾಠವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಒಂದು ಸೋಮವಾರ ಹೊಸ ಹಾಳೆಯ ಬಿಲ್ಲೆಗಳು ಉಬ್ಬಲೇ ಇಲ್ಲ. ಅಂದರೆ ಉಬ್ಬಿದವು, ಆದರೆ ಅರ್ಧಕ್ಕೇ ನಿಂತವು. ಮಂಗಳವಾರವೂ ಅದೇ. ಹಾಳೆ ಕೆಟ್ಟಿದೆ ಎಂದು ಬಿಸಾಡಿ ಹೊಸದಾಗಿ ಹೊಯ್ದೆವು. ಸಿಲಿಂಡರ್ ಬದಲಿಸಿದೆವು. ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದ್ದೂ ಆಯಿತು. ಕೊನೆಗೆ ನೋಡಿದರೆ ಬಟ್ಟಿ ಇಳಿಸಿದ ನೀರಿನ ಬಾಟಲಿಯ ಪಕ್ಕದಲ್ಲಿ ಲೇಬಲ್ ಉದುರಿದ ಇನ್ನೊಂದು ಬಾಟಲಿ. ಅದರಲ್ಲಿದ್ದದ್ದು 0.9 ಶೇಕಡಾ ಉಪ್ಪಿನ ಸಲೈನ್. ಎರಡು ದಿನದಿಂದ ಬಿಲ್ಲೆ ತೇಲಿಸಿದ್ದು ಅದರಲ್ಲಿ. ತುಂಬಿಟ್ಟವಳು ನಾನೇ. ಅವತ್ತಿನಿಂದ ಲೇಬಲ್ ಅಂಟಿಸಿ ಅದರ ಮೇಲೆ ಟೇಪ್ ಸುತ್ತುವ ಅಭ್ಯಾಸವಾಯಿತು. ಈಗಲೂ ಬಿಟ್ಟಿಲ್ಲ.

ಇನ್ನು ಗೋಡೆಗೆ ಬಳಿಯುವ ಮಾತು. ಲೆಕ್ಕ ಹಾಕೋಣ. ಡೀಮಾದ ಒಂದು ಘಟಕದ ಅಣುತೂಕ 185, ಇಂಗಾಲದ ಡೈಆಕ್ಸೈಡಿನದು 44. ಬಲೆಯಲ್ಲಿರುವ ಒಂದೊಂದು ಅಮೈನೂ ತಪ್ಪದೆ ಒಂದೊಂದು ಅನಿಲದ ಅಣುವನ್ನು ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. 44ನ್ನು 185ರಿಂದ ಭಾಗಿಸಿದರೆ 0.24. ಅಂದರೆ 1 ಗ್ರಾಂ ಒಣ ಪಾಲಿಮರ್‌ಗೆ ಜಾಸ್ತಿ ಅಂದರೆ ಕಾಲು ಗ್ರಾಂ ಅನಿಲ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾನೆ. ಅದನ್ನು ಹಿಡಿಯಲು 4 ಕಿಲೋಗಿಂತ ಜಾಸ್ತಿ ಪಾಲಿಮರ್ ಬೇಕು. ಅದು ತನ್ನ ತೂಕದ 20 ಪಟ್ಟು ನೀರು ಕುಡಿದು ಉಬ್ಬಿತು ಅಂದರೆ ಗೋಡೆಯ ಮೇಲೆ 80 ಕಿಲೋಗಿಂತ ಜಾಸ್ತಿ ಲೋಳೆ ಜೋತಾಡಬೇಕು. ಒಬ್ಬರಿಗೆ, ಒಂದು ದಿನಕ್ಕೆ. ಮಾರನೇ ದಿನ ಅದು ಮತ್ತೆ ಕೆಲಸ ಮಾಡಬೇಕಾದರೆ ಹಿಡಿದದ್ದನ್ನು ಬಿಡಬೇಕು. ಎಲ್ಲಿಗೆ ಬಿಡುತ್ತದೆ? ಅದೇ ಕೋಣೆಗೆ!

ಇದೂ ತೀರಾ ಧಾರಾಳವಾಗಿ ಹಾಕಿದ ಲೆಕ್ಕ. ನಮ್ಮ ಬೀಕರಿಗೆ ಬಿಡುತ್ತಿದ್ದದ್ದು ಅಚ್ಚ ಇಂಗಾಲದ ಡೈಆಕ್ಸೈಡ್. ಗಾಳಿಯಲ್ಲಿರುವುದು 10 ಲಕ್ಷದಲ್ಲಿ 420 ಚಿಲ್ಲರೆ ಪಾಲು, ಶೇಕಡಾವಾರು ಹೇಳಿದರೆ 0.04. ಕೈಗಾರಿಕೆಗಳು ಶುರುವಾಗುವ ಮೊದಲು 280 ಇದ್ದದ್ದು ಇಲ್ಲಿಗೆ ಬಂದಿದೆ. ಭೂಮಿಗೆ ಅದು ದೊಡ್ಡ ಏರಿಕೆ, ನಿಜ. ನಮ್ಮ ಬಿಲ್ಲೆಗೆ ಅದು ಲೆಕ್ಕಕ್ಕೇ ಇಲ್ಲ. ತಿಂಗಳುಗಟ್ಟಲೆ ತೆರೆದ ಬೀಕರಿನಲ್ಲಿ ಬಿಟ್ಟ ಬಿಲ್ಲೆಗಳು ನಮ್ಮಲ್ಲಿ ಇದ್ದವು. ಹಾಲಿನಂತೆ ಬಿಳಿಯಾಗಿಯೇ ಇದ್ದವು. ನನಗೆ ಕೇಳಿದರೆ ಅದೇ ಅದರ ಒಳ್ಳೆಯ ಗುಣ. ಬರೀ ಗಾಳಿಗೇ ಉಬ್ಬಿ ಕೂತರೆ ಅದು ಸ್ವಿಚ್ ಹೇಗಾಗುತ್ತದೆ? ಆರಿಸಲು ಬಾರದ ದೀಪ ಆಗುತ್ತದೆ. ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಹೊರಹಾಕುತ್ತಿದೆ. ಅದರ ಮುಂದೆ ನಮ್ಮ ಬಿಲ್ಲೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಇಷ್ಟು ಹೇಳಿದ ಮೇಲೆ ತಮ್ಮನ ಮಗಳ ಮುಂದಿನ ಪ್ರಶ್ನೆ: ‘ಹಾಗಾದ್ರೆ 9 ವರ್ಷ ಅದನ್ನ ಇಟ್ಕೊಂಡು ಏನ್ ಮಾಡಿದ್ರಿ?’

ನನಗೆ ತುಂಬ ಇಷ್ಟವಾದ ಒಂದು ಬಳಕೆ ಹೇಳುತ್ತೇನೆ. ನಮ್ಮದಲ್ಲ, ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರದು. ಹೊಟ್ಟೆಯ ಅಥವಾ ಕರುಳಿನ ಗೋಡೆಗೆ ರಕ್ತ ಸರಿಯಾಗಿ ಹೋಗದಿದ್ದರೆ ಆ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅದನ್ನು ಒಳಗೇ ಅಳೆಯಬೇಕು. ಅವರು 2003ರ ಹೊತ್ತಿಗೆ ಒಂದು ಪುಟ್ಟ ಅಳತೆಗಾರನನ್ನು ಮಾಡಿದರು. ಒತ್ತಡ ಅಳೆಯುವ ಎಲೆಕ್ಟ್ರಾನಿಕ್ ಚಿಪ್ ಮೇಲೆ ಚಿಟಿಕೆಯಷ್ಟು ಜೆಲ್. ಅದರ ಮೇಲೆ ಸಣ್ಣ ರಂಧ್ರಗಳ ಮುಚ್ಚಳ. ಅದರಾಚೆ ಬೈಕಾರ್ಬನೇಟ್ ದ್ರಾವಣ. ಎಲ್ಲಕ್ಕೂ ಹೊರಗೆ ಅನಿಲವನ್ನು ಮಾತ್ರ ಒಳಗೆ ಬಿಡುವ ಪೊರೆ. ಹೊಟ್ಟೆಯ ಆಮ್ಲಕ್ಕೆ ಅದರಲ್ಲಿ ದಾರಿ ಇಲ್ಲ, ಉಪ್ಪಿಗೂ ಇಲ್ಲ. ಅನಿಲ ಒಳಗೆ ಬಂದರೆ ದ್ರಾವಣದ ಪಿಎಚ್ ಬದಲಾಗುತ್ತದೆ, ಜೆಲ್ ಉಬ್ಬಲು ನೋಡುತ್ತದೆ. ಆದರೆ ಮುಚ್ಚಳ ಬಿಡುವುದಿಲ್ಲ. ಉಬ್ಬಲಾಗದ ಜೆಲ್ ಸಿಟ್ಟಿನಿಂದ ಚಿಪ್ ಅನ್ನು ಒತ್ತುತ್ತದೆ. ಆ ಒತ್ತಡವನ್ನು ಓದಿಕೊಂಡರೆ ಅನಿಲ ಎಷ್ಟಿದೆ ಅಂತ ಗೊತ್ತಾಗುತ್ತದೆ. ಅನಿಲವನ್ನು ಪೊರೆಯಾಚೆಯಿಂದ ಬೈಕಾರ್ಬನೇಟಿಗೆ ಬಿಟ್ಟು ಅಳೆಯುವ ಉಪಾಯ ಹಳೆಯದು. 1950ರ ದಶಕದಲ್ಲಿ ರಿಚರ್ಡ್ ಸ್ಟೋ, ಜಾನ್ ಸೆವೆರಿಂಗ್‌ಹಾಸ್ ಅವರು ರಕ್ತದ ಇಂಗಾಲದ ಡೈಆಕ್ಸೈಡ್ ಅಳೆಯಲು ಮಾಡಿದ ಎಲೆಕ್ಟ್ರೋಡ್ ಅದೇ ತತ್ವದ್ದು. ಪಿಎಚ್ ಕಡ್ಡಿಯ ಜಾಗಕ್ಕೆ ಜೆಲ್ ಬಂದದ್ದು ಹೊಸತು.

ಇದನ್ನು ಓದಿದ ದಿನ ನಾನು ಸಾಕಷ್ಟು ಹೊತ್ತು ಸುಮ್ಮನೆ ಕೂತಿದ್ದೆ. ನಾವೆಲ್ಲ ಬಿಲ್ಲೆ ಎಷ್ಟು ಉಬ್ಬಿತು ಅಂತ ವರ್ನಿಯರ್ ಹಿಡಿದು ಅಳೆಯುತ್ತಿದ್ದೆವು. ಇವರು ಅದನ್ನು ಉಬ್ಬಲೇ ಬಿಡದೆ ಕೆಲಸ ತೆಗೆದರು ನೋಡಿ!

ಜೆಲ್ ಚಿಟಿಕೆಯಷ್ಟೇ ಇಟ್ಟದ್ದಕ್ಕೂ ಕಾರಣ ಇದೆ. ಉಬ್ಬುವ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತೊಯೊಯಿಚಿ ತನಾಕಾ 1979ರಲ್ಲಿ ಇದರ ಲೆಕ್ಕ ತೋರಿಸಿದರು. ಅದರ ಹಿಂದಿನ ವರ್ಷ, 1978ರಲ್ಲಿ, ಜೆಲ್ ಥಟ್ಟನೆ ಕುಸಿದು ಕುಗ್ಗಬಲ್ಲದು ಎಂದು ತೋರಿಸಿದವರೂ ಅವರೇ. ಒಂದು ಮಿಲಿಮೀಟರಿನ ಮಣಿ ಗಂಟೆ ತಗೊಂಡರೆ ಒಂದು ಸೆಂಟಿಮೀಟರಿನದಕ್ಕೆ ನಾಲ್ಕು ದಿನ ಬೇಕು. ಅದೇ ಮಣಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಇದ್ದರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ನಮ್ಮ ಬಿಲ್ಲೆಗಳು ಇಡೀ ದಿನ ಕಾಯಿಸುತ್ತಿದ್ದದ್ದು ಅದಕ್ಕೇ. ನಿಮ್ಮ ಲೇಖನದಲ್ಲಿ ‘ಕ್ಷಣಾರ್ಧದಲ್ಲಿ’ ಎಂಬ ಪದ ಎರಡು ಕಡೆ ಇದೆ. ದಪ್ಪ ಎಷ್ಟು ಅಂತ ಒಂದು ಕಡೆಯೂ ಇಲ್ಲ.

ಕಾಯುವುದಕ್ಕೆ ಇನ್ನೊಂದು ಕಾರಣ ನೀರಿನೊಳಗೇ ಇದೆ. ಕರಗಿದ ಅನಿಲ ಆಮ್ಲವಾಗಲು ಸೆಕೆಂಡುಗಳೇ ಹಿಡಿಯುತ್ತವೆ. ರಸಾಯನದಲ್ಲಿ ಅದು ಆಮೆ ನಡಿಗೆ. ನಮ್ಮ ರಕ್ತ ಇಷ್ಟು ಹೊತ್ತು ಕಾದು ಕೂತರೆ ಕತೆ ಮುಗಿಯಿತು. ಅದಕ್ಕಾಗಿಯೇ ಅಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಇದೆ. 1933ರಲ್ಲಿ ಕಂಡುಹಿಡಿದದ್ದು. ಅದರ ಒಂದೇ ಅಣು ಸೆಕೆಂಡಿಗೆ 10 ಲಕ್ಷದವರೆಗೆ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ದಾಟಿಸುತ್ತದೆ.

ನೆಲದಡಿಯ ಕೆಲಸವೂ ಉಂಟು. ಹಳೆಯ ಎಣ್ಣೆಬಾವಿಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಳಿದ ಎಣ್ಣೆ ತೆಗೆಯುವುದು ಅಮೆರಿಕದ ಟೆಕ್ಸಸ್‌ನಲ್ಲಿ 1972ರಿಂದಲೇ ದೊಡ್ಡ ಮಟ್ಟದಲ್ಲಿ ನಡೆಯುತ್ತಿದೆ. ಅನಿಲ ಮಾತ್ರ ಸುಲಭದ ಬಿರುಕು ಹುಡುಕಿ ತಪ್ಪಿಸಿಕೊಳ್ಳುತ್ತದೆ. ಆ ಬಿರುಕಿನಲ್ಲಿ, ಅನಿಲ ತಾಗಿದ ಜಾಗದಲ್ಲಿ ಮಾತ್ರ ಉಬ್ಬಿ ಅಥವಾ ಗಟ್ಟಿಯಾಗಿ ದಾರಿ ಮುಚ್ಚುವ ಜೆಲ್ ಇದ್ದರೆ? ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ಇದನ್ನೇ ಉಲ್ಟಾ ಮಾಡಿದರು. ಪಾಲಿಅಲೈಲ್‌ಅಮೈನ್ ಎಂಬ ಪಾಲಿಮರ್ ಕರಗಿಸಿದ ನೀರನ್ನು ಭೂಮಿಯ ಬಿಸಿ ಬಂಡೆಯೊಳಗೆ ಕಳಿಸಿ, ಹಿಂದಿನಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಅದು ಜೆಲ್ಲಾಗಿ ಹಿಗ್ಗಿ ಬಂಡೆಯನ್ನೇ ಸೀಳುತ್ತದೆ. ನೆಲದ ಶಾಖ ತೆಗೆಯಲು ಬೇಕಾದ ಬಿರುಕು ಹಾಗೆ ಸಿಗುತ್ತದೆ. ಅಲ್ಲಿ ಅನಿಲ ಎರಡು ಎಳೆಗಳ ನಡುವೆ ತಾನೇ ಕೊಂಡಿಯಾಗಿ ನಿಲ್ಲುತ್ತದೆ, ನಮ್ಮ ಡೀಮಾದ ರೀತಿ ಬೇರೆ.

ನುಂಗುವ ಜೆಲ್‌ಗಳೂ ಇವೆ ಅಂದೆನಲ್ಲ, ಅವುಗಳಿಗೂ ನ್ಯಾಯ ಸಿಗಲಿ. 2018ರಲ್ಲಿ ಎಂಐಟಿಯ ಮೈಕೆಲ್ ಸ್ಟ್ರಾನೋ ತಂಡ ಪಾಲಕ್ ಎಲೆಯಿಂದ ತೆಗೆದ ಕ್ಲೋರೋಪ್ಲಾಸ್ಟನ್ನು (ಎಲೆಯ ಆಹಾರ ತಯಾರಿಸುವ ಹಸಿರು ಕಣ) ಜೆಲ್ಲಿನಲ್ಲಿ ಕೂರಿಸಿತು. ಬೆಳಕಿನಲ್ಲಿ ಅದು ಗಾಳಿಯ ಇಂಗಾಲದಿಂದ ಸಕ್ಕರೆ ಮಾಡುತ್ತದೆ, ಆ ಸಕ್ಕರೆಯಿಂದ ಜೆಲ್ ಬೆಳೆದು ಗಟ್ಟಿಯಾಗುತ್ತದೆ. 2025ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾವನ್ನು ಜೆಲ್ಲಿನಲ್ಲಿ ಸಾಕಿದ ವರದಿ ಕೊಟ್ಟರು. ಅದು ಇಂಗಾಲವನ್ನು ತನ್ನ ಮೈಯಾಗಿಯೂ ಸುಣ್ಣದಂಥ ಖನಿಜವಾಗಿಯೂ ಕಟ್ಟಿಡುತ್ತದೆ. 1 ಗ್ರಾಂ ಜೆಲ್ 400 ದಿನಗಳಲ್ಲಿ ಹಿಡಿದದ್ದು ಸುಮಾರು 26 ಮಿಲಿಗ್ರಾಂ. ನಮ್ಮ ಬಿಲ್ಲೆಯ ಒಣ ತೂಕದ ಲೆಕ್ಕಕ್ಕಿಂತ ಇದು ಕಮ್ಮಿ ಕಾಣುತ್ತದೆ, ಅಲ್ವಾ? ಆದರೆ ಅದು ಬರೀ ಗಾಳಿಯ ಮಟ್ಟದ ಇಂಗಾಲವನ್ನು ಹಿಡಿದು ವಾಪಸ್ ಕೊಡದೆ ಇಟ್ಟುಕೊಂಡದ್ದು. ನಮ್ಮದು ಸಾಲ ತಂದು ಸಂಜೆಗೆ ತೀರಿಸಿದ್ದು. ನಿಮ್ಮ ಪುಟದಲ್ಲಿದ್ದ ಹಸಿರು ಲೋಳೆಯ ಚಿತ್ರ ಈ ಜಾತಿಯದೇ ಇರಬೇಕು. ಅದರ ಕೆಳಗೆ ವಿವರಿಸಿದ್ದು ಮಾತ್ರ ನಮ್ಮ ಬಿಳಿ ಬಿಲ್ಲೆಯ ಕೆಲಸ. ಯಾರದೋ ಫೋಟೊ, ಯಾರದೋ ಜಾತಕ.

ಬೇರೆ ಅನಿಲಗಳ ಜೊತೆ ಬೆರೆತ ಇಂಗಾಲದ ಡೈಆಕ್ಸೈಡನ್ನು ತೆಗೆಯುವ ಅಮೈನ್ ದ್ರಾವಣಕ್ಕೆ ಪೇಟೆಂಟ್ ಸಿಕ್ಕಿದ್ದು 1930ರಲ್ಲಿ. ಅಮೈನಿಗೂ ಈ ಅನಿಲಕ್ಕೂ ಇರುವ ನಂಟು ಅಷ್ಟು ಹಳೆಯದು. ಅದನ್ನು ‘ಹೊಸ ಪವಾಡ’ ಅನ್ನಬೇಕಾಗಿಲ್ಲ. ಇನ್ನು ಜೆಲ್ಲಿನ ಚರಿತ್ರೆಯೂ ಲೇಖನದಲ್ಲಿ ಇರಬಹುದಿತ್ತು. ಓದುಗರು ಖುಷಿಪಡುತ್ತಿದ್ದರು. 1961ರ ಕ್ರಿಸ್ಮಸ್ ಹೊತ್ತಿಗೆ ಝೆಕ್ ರಸಾಯನಶಾಸ್ತ್ರಜ್ಞ ಒಟ್ಟೋ ವಿಕ್ಟರ್ಲೆ ಮಕ್ಕಳ ಜೋಡಣೆ ಆಟಿಕೆಯ ತುಂಡುಗಳನ್ನೂ ಸೈಕಲ್ ಡೈನಮೋವನ್ನೂ ಕೂಡಿಸಿ ಮನೆಯಲ್ಲೇ ಒಂದು ಯಂತ್ರ ಮಾಡಿ, ಜೆಲ್ಲಿನ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ತಿರುಗಿಸಿ ತೆಗೆದರು. ಇವತ್ತು ಎಷ್ಟೋ ಜನ ಕಣ್ಣಲ್ಲಿ ಇಟ್ಟುಕೊಂಡು ಓಡಾಡುವುದು ಅದರ ಸಂತತಿಯನ್ನೇ. ನಿಮ್ಮ ಲೇಖನವನ್ನು ಜೆಲ್ಲಿನ ಮೂಲಕವೇ ಓದಿದವರು ನಿಮ್ಮ ಓದುಗರಲ್ಲಿ ಎಷ್ಟು ಮಂದಿಯೋ!

ಇನ್ನೊಂದು ಸಣ್ಣ ಮಾತು. ಲೇಖನದ ಪಕ್ಕದ ಚೌಕಟ್ಟಿನಲ್ಲಿ ‘ಮನೆಯಲ್ಲೇ ಮಾಡಿ ನೋಡಿ’ ಎಂದು ಒಣ ಐಸ್ ಬಳಸುವ ಸಲಹೆ ಇತ್ತು. ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಿ. ಈ ಅನಿಲ ಗಾಳಿಗಿಂತ ಭಾರ, ಬಣ್ಣವಿಲ್ಲ, ಮುಚ್ಚಿದ ಕೋಣೆಯಲ್ಲಿ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಕೆಲಸದ ಜಾಗದಲ್ಲಿ ದಿನದ ಎಂಟು ಗಂಟೆಗೆ 10 ಲಕ್ಷದಲ್ಲಿ 5,000 ಪಾಲು ಮಿತಿ ಅಂತ ಇಡುತ್ತಾರೆ. 40,000 ಮುಟ್ಟಿದರೆ ಜೀವಕ್ಕೇ ಅಪಾಯ. ನಮ್ಮ ಲ್ಯಾಬಲ್ಲಿ ಒಂದು ಸಲ ರಾತ್ರಿಯಿಡೀ ವಾಲ್ವ್ ಸೋರಿತ್ತು. ಬೆಳಿಗ್ಗೆ ಬಾಗಿಲು ತೆಗೆದವಳಿಗೆ ಐದು ನಿಮಿಷದಲ್ಲಿ ತಲೆ ಸಿಡಿಯಲು ಶುರುವಾಯಿತು. ಕಿಟಕಿ ತೆಗೆದು ಹೊರಗೆ ಓಡಿದೆ. ರೆಗ್ಯುಲೇಟರಿನ ಮೇಲೆ ಬೆರಳು ದಪ್ಪ ಮಂಜು ಕಟ್ಟಿತ್ತು. ಮಕ್ಕಳ ಕೈಗೆ ಕೊಡುವುದಾದರೆ ಹುಳಿ ತಾಗಿದರೆ ಬಣ್ಣ ಬದಲಿಸುವ ನೀಲಿ ಬ್ರೋಮೋಥೈಮಾಲ್ ದ್ರಾವಣಕ್ಕೆ ಸ್ಟ್ರಾದಿಂದ ಉಸಿರು ಊದಲು ಹೇಳಿ. ಉಸಿರಿನಲ್ಲಿ ಶೇಕಡಾ 4ರಷ್ಟು ಇದೇ ಅನಿಲ ಇರುತ್ತದೆ, ನೀಲಿ ಹಳದಿಯಾಗುತ್ತದೆ. ಹೀರಬಾರದು, ಊದಬೇಕು ಅಂತ ಎರಡು ಸಲ ಹೇಳಿ. ಆಮೇಲೆ ಆ ದ್ರಾವಣವನ್ನು ಸ್ವಲ್ಪ ಬಿಸಿ ಮಾಡಿಕೊಟ್ಟರೆ ಅನಿಲ ಹೊರಟು ನೀಲಿ ವಾಪಸ್ ಬರುತ್ತದೆ. ಜೆಲ್ಲಿನ ಅರ್ಧ ಕತೆ ಅದರಲ್ಲೇ ಕಾಣುತ್ತದೆ.

ತಿದ್ದುಪಡಿ ಹಾಕುವುದಾದರೆ ‘ನುಂಗುವ’ ಎಂಬಲ್ಲಿ ‘ಗುರುತಿಸುವ’ ಎಂದು ಬದಲಿಸಿ, ಗೋಡೆಯ ಸಾಲನ್ನು ತೆಗೆದುಬಿಡಿ. ಹಸಿರು ಚಿತ್ರದ ಬದಲು ಎರಡು ಚಿತ್ರ ಅಕ್ಕಪಕ್ಕ ಹಾಕಿ: ಬಿಳಿಯ ಚಿಕ್ಕ ಬಿಲ್ಲೆ, ಗಾಜಿನಂಥ ದೊಡ್ಡ ಬಿಲ್ಲೆ. ಎರಡರ ಪಕ್ಕದಲ್ಲೂ ಒಂದು ಅಳತೆಪಟ್ಟಿ ಇರಲಿ. ಕೆಳಗೆ ಮೊದಲನೆಯದು ಬೆಳಿಗ್ಗೆ 10ಕ್ಕೆ, ಎರಡನೆಯದು ಸಂಜೆ 5ಕ್ಕೆ ತೆಗೆದದ್ದು ಅಂತ ಬರೆಯಿರಿ. ನನ್ನ ಹತ್ತಿರ ಹಳೆಯ ಫೋಟೊಗಳಿವೆ. ಕೇಳಿದರೆ ಕಳಿಸುತ್ತೇನೆ. ಒಂದರಲ್ಲಿ ನನ್ನ ಹೆಬ್ಬೆರಳು ಅಡ್ಡ ಬಂದಿದೆ, ಅದನ್ನು ಬೇಕಾದರೆ ಕತ್ತರಿಸಿಕೊಳ್ಳಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
(ನಿವೃತ್ತ ಪ್ರಯೋಗಾಲಯ ಸಹಾಯಕಿ)